ಆಟದ ಅಂಗಡಿಯಲ್ಲಿ ಕೊಸರು ಕೇಳಿದ್ದು

ನಮ್ಮ ಮನೆಗೆ ಬೋರ್ಡ್ ಗೇಮ್ ಹುಚ್ಚು ಹತ್ತಿದ್ದು ಮಗ ಆರನೇ ಕ್ಲಾಸಿನಲ್ಲಿದ್ದಾಗ. ಸರಕಿನ ಕಾರ್ಡುಗಳನ್ನು ಕೊಟ್ಟು-ಕೊಂಡು ರಸ್ತೆ, ಊರು ಕಟ್ಟುವ ಕ್ಯಾಟನ್ ಅನ್ನುವ ಆಟವನ್ನು ಗೆಳೆಯನ ಮನೆಯಲ್ಲಿ ಆಡಿ ಬಂದವನು, ನಮಗೂ ಅದು ಬೇಕು ಅಂತ ಹಟ ಹಿಡಿದ. ಜಯನಗರದಲ್ಲಿ ನಮ್ಮ ಮನೆಯಿಂದ ಎರಡು ಸ್ಟಾಪ್ ದಾಟಿದರೆ ಇಂಥ ಆಟಗಳನ್ನೇ ಮಾರುವ ಒಂದು ಚಿಕ್ಕ ಅಂಗಡಿ ಇದೆ. ಮೊದಲನೇ ಮಹಡಿ, ಕಿರಿದಾದ ಮೆಟ್ಟಿಲು. ಗೋಡೆ ತುಂಬ ಡಬ್ಬಗಳು, ನಡುವೆ ಕೂತು ಆಡಲು ನಾಲ್ಕು ಮೇಜು. ಗಲ್ಲಾದಲ್ಲಿ ಮಾಲೀಕರೇ ಕೂರುತ್ತಾರೆ.

ಅಲ್ಲಿ ನಾನು ಮೊದಲ ಸಲ ಚೌಕಾಸಿ ಮಾಡಿದ ರೀತಿ ನೆನೆದರೆ ಇವತ್ತಿಗೂ ಬೇಜಾರಾಗುತ್ತದೆ. ಅವತ್ತು ಭಾನುವಾರ ಸಂಜೆ. ನಾಲ್ಕೂ ಮೇಜು ತುಂಬಿದ್ದವು. ಡಬ್ಬದ ಮೇಲೆ ಎಂಆರ್‌ಪಿ 3,200 ರೂಪಾಯಿ. ನಾನು ಫೋನ್ ತೆಗೆದು, ಅದೇ ಆಟ ಆನ್‌ಲೈನ್‌ನಲ್ಲಿ 1,900ಕ್ಕೆ ಇರುವುದನ್ನು ತೋರಿಸಿದೆ. "ಇಷ್ಟೊಂದು ವ್ಯತ್ಯಾಸ ಯಾಕೆ ಸಾರ್?" ಅಂತ ಎಲ್ಲರಿಗೂ ಕೇಳುವ ಹಾಗೆ ಕೇಳಿದೆ. ಅವರು ಫೋನನ್ನು ಸರಿಯಾಗಿ ನೋಡಲೂ ಇಲ್ಲ. "ಆ ರೇಟಿಗೆ ಅಸಲೂ ಗಿಟ್ಟಲ್ಲ ಮೇಡಂ" ಎಂದು ಹೇಳಿ ಪಕ್ಕದ ಗಿರಾಕಿಯ ಕಡೆ ತಿರುಗಿದರು. ನಾನು ಮನೆಗೆ ಬಂದು ಆನ್‌ಲೈನ್‌ನಲ್ಲೇ ತರಿಸಿದೆ.

ಬಂದಿದ್ದು ನಕಲಿ ಮಾಲು. ಗೊತ್ತಾಗಲು ಒಂದು ಆಟ ಸಾಕಾಯಿತು. ಕ್ಯಾಟನ್‌ನಲ್ಲಿ ಆರು ತುಂಡಿನ ಸಮುದ್ರದ ಚೌಕಟ್ಟು ಇರುತ್ತದೆ. ಅದರೊಳಗೆ 19 ಷಟ್ಕೋನದ ಬಿಲ್ಲೆಗಳನ್ನು ಜೋಡಿಸಬೇಕು. ನಮ್ಮದರಲ್ಲಿ ಕೊನೆಯ ಬಿಲ್ಲೆ ಒಳಗೆ ಹೋಗಲೇ ಇಲ್ಲ, ಒತ್ತಿದರೆ ಉಳಿದವು ಮೇಲೆ ಏಳುತ್ತಿದ್ದವು. ಅದನ್ನಾದರೂ ಸಹಿಸಬಹುದಿತ್ತು. ಕಾರ್ಡುಗಳ ಬೆನ್ನಿನ ಬಣ್ಣ ಒಂದೇ ಥರ ಇರಲಿಲ್ಲ. ಉಣ್ಣೆ ಕಾರ್ಡಿನ ಬೆನ್ನು ಸ್ವಲ್ಪ ತಿಳಿ, ಅದಿರಿನದು ಸ್ವಲ್ಪ ಗಾಢ. ಎದುರಿನವರ ಕೈಯಲ್ಲಿ ಏನಿದೆ ಅಂತ ಬೆನ್ನು ನೋಡಿಯೇ ಹೇಳಬಹುದಿತ್ತು. ಇನ್ನೊಬ್ಬರ ಕೈ ಗೊತ್ತಿಲ್ಲದೆ ಕೊಡು-ಕೊಳ್ಳುವುದೇ ಈ ಆಟದ ಜೀವ. ಅದು ಹೋದ ಮೇಲೆ ಉಳಿದಿದ್ದು ಸುಮ್ನೆ ರಟ್ಟು.

ಎರಡು ವಾರ ಬಿಟ್ಟು ಆ ಡಬ್ಬವನ್ನು ಚೀಲಕ್ಕೆ ಹಾಕಿಕೊಂಡು ಅದೇ ಅಂಗಡಿಗೆ ಹೋದೆ. ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆ, ಬೇರೆ ಯಾರೂ ಇರಲಿಲ್ಲ. "ಸಾರ್, ಅವತ್ತು ನಾನು ತೋರಿಸಿದ್ದು ಇದರ ರೇಟು. ನಿಮಗೆ ಬೇಸರ ಮಾಡಿದೆ" ಎಂದೆ. ಅವರು ನಗಲಿಲ್ಲ, 'ನಾನು ಹೇಳಿರಲಿಲ್ವಾ' ಅನ್ನಲೂ ಇಲ್ಲ. ಗಿರಾಕಿಗಳಿಗೆ ಆಡಲು ಇಟ್ಟ ಅಸಲಿ ಪ್ರತಿ ತಂದು ನನ್ನದರ ಪಕ್ಕ ಬಿಚ್ಚಿಟ್ಟರು. ಒಂದು ಬಿಲ್ಲೆ ಅದರದು, ಒಂದು ಬಿಲ್ಲೆ ಇದರದು, ಎರಡನ್ನೂ ನನ್ನ ಬೆರಳಿಗೆ ಕೊಟ್ಟರು. ಅಸಲಿದು ದಪ್ಪ, ಅಂಚು ನುಣುಪು. ನನ್ನದರ ಅಂಚಿನಲ್ಲಿ ಕಾಗದದ ನಾರು ಎದ್ದಿತ್ತು. ಕಣ್ಣು ಮುಚ್ಚಿಕೊಂಡು ಮುಟ್ಟಿದರೂ ಹೇಳಬಹುದು.

ನಾನು ಚೌಕಾಸಿ ಕಲಿತಿದ್ದು ಆ ಬೆಳಿಗ್ಗೆಯಿಂದ. ಬೇರೆ ಯಾವುದೋ ಮಾಲಿನ ರೇಟು ಹಿಡಿದು ಈ ಮಾಲಿಗೆ ಜಗ್ಗಾಡಬಾರದು. ನಾಲ್ಕು ಜನರ ಮುಂದೆ ಅಂತೂ ಬೇಡವೇ ಬೇಡ. ಒಬ್ಬರಿಗೆ ಇಳಿಸಿದರೆ ಅಲ್ಲಿರುವ ಎಲ್ಲರಿಗೂ ಇಳಿಸಬೇಕು. ಮನಸ್ಸಿದ್ದರೂ ಅಂಗಡಿಯವರು ಆಗ ಹೂಂ ಅನ್ನುವ ಹಾಗಿಲ್ಲ.

ಅವತ್ತೇ ಇನ್ನೊಂದು ವಿಷಯ ನಡೆಯಿತು. ಕೆಳಗಿನ ಶೆಲ್ಫಿನಲ್ಲಿ ಒಂದು ಕ್ಯಾಟನ್ ಡಬ್ಬ ಮೂಲೆ ನಜ್ಜಾಗಿ ಬಿದ್ದಿತ್ತು, ಮೇಲಿನ ಪ್ಲಾಸ್ಟಿಕ್ಕೂ ಹರಿದಿತ್ತು. "ಇದು ಹಾಗೇ ಉಳಿದಿದೆಯಲ್ಲ ಸಾರ್, ಇದಕ್ಕೆ ಏನಾದರೂ ನೋಡಿ ಹೇಳ್ತೀರಾ?" ಎಂದು ಕೇಳಿದೆ. "ಸಾಗಾಣಿಕೆಯಲ್ಲಿ ಏಟು ತಿಂದಿದೆ ಮೇಡಂ, ಉಡುಗೊರೆ ಕೊಡೋರು ಯಾರೂ ತಗೊಳ್ಳಲ್ಲ. ಒಳಗೆ ಎಣಿಸಿ ನೋಡೋಣ" ಎಂದರು. ಇಬ್ಬರೂ ಗಲ್ಲಾದ ಮೇಲೆ ಎಣಿಸಲು ಕೂತೆವು. ಬಿಲ್ಲೆ 19. ಮರ, ಇಟ್ಟಿಗೆ, ಉಣ್ಣೆ, ಗೋಧಿ, ಅದಿರು ತಲಾ 19ರಂತೆ 95 ಕಾರ್ಡು. ಬೆಳವಣಿಗೆಯ ಕಾರ್ಡು 25. ಪ್ರತಿ ಬಣ್ಣಕ್ಕೆ 15 ರಸ್ತೆ, ಐದು ಊರು, ನಾಲ್ಕು ಪಟ್ಟಣ. ಕೆಂಪು ರಸ್ತೆ 14 ಬಂತು. ಮತ್ತೆ ಎಣಿಸಿದರೂ 14. ಕೊನೆಗೆ ಡಬ್ಬದ ಮುಚ್ಚಳದ ಸಂದಿಯಲ್ಲಿ ಹದಿನೈದನೆಯದು ಸಿಕ್ಕಿತು. ಅವರ ಮುಖ ಅರಳಿದ್ದು ನನಗೆ ಚೆನ್ನಾಗಿ ನೆನಪಿದೆ. "2,800 ಕೊಡಿ" ಎಂದರು. ನಾನು ಮತ್ತೆ ಎಳೆಯಲಿಲ್ಲ. ಡಬ್ಬ ನಜ್ಜಾದರೆ ಆಟಕ್ಕೆ ಏನೂ ಆಗುವುದಿಲ್ಲ, ಅವರಿಗೂ ಶೆಲ್ಫಿನಲ್ಲಿ ಒಂದು ಜಾಗ ಖಾಲಿಯಾಯಿತು.

ಆಮೇಲೆ ಅಲ್ಲಿಗೆ ಹೋಗಿ ಬರುವುದು ರೂಢಿಯಾಯಿತು. ತಿಂಗಳಿಗೊಂದು ಸಲ ಆದರೂ ಹೋಗುತ್ತೇನೆ. ಹೆಚ್ಚಾಗಿ ವಾರದ ನಡುವೆ, ಬೆಳಿಗ್ಗೆ. ಬೋಣಿ ಆಗುವ ಮುಂಚೆ ಹೋಗಿ ಬರಿಗೈಲಿ ಬರುವುದು ನನಗೆ ಇಷ್ಟ ಇಲ್ಲ. ಏನೂ ಕೊಳ್ಳುವುದಿಲ್ಲ ಅಂತ ಗೊತ್ತಿದ್ದರೆ ಸಂಜೆ ಹೋಗಿ, ಗಂಟೆಗೆ ಇಷ್ಟು ಅಂತ ಕೊಟ್ಟು ಮೇಜಿನಲ್ಲಿ ಕೂತು ಆಡುತ್ತೇವೆ. ಅಲ್ಲಿ ಬಿಟ್ಟಿ ಆಡಿ, ಇಷ್ಟವಾದ ಆಟವನ್ನು ಆನ್‌ಲೈನ್‌ನಲ್ಲಿ ತರಿಸುವವರನ್ನು ನೋಡಿದ್ದೇನೆ. ಅದು ಚೌಕಾಸಿ ಅಲ್ಲ, ಅನ್ಯಾಯ.

ನನಗೆ ತುಂಬಾ ಉಪಯೋಗಕ್ಕೆ ಬಂದಿದ್ದು ಅಮ್ಮನ ಪಾಠ. ಅಮ್ಮ ಗಾಂಧಿ ಬಜಾರಿನಲ್ಲಿ ತರಕಾರಿ ಕೊಳ್ಳುವಾಗ ಬೆಲೆಗೆ ಜಾಸ್ತಿ ಕೊಸರಾಡುತ್ತಿರಲಿಲ್ಲ. ಹೇಳಿದ ದುಡ್ಡು ಕೊಟ್ಟು, ಚೀಲ ಎತ್ತಿಕೊಳ್ಳುವಾಗ "ಸ್ವಲ್ಪ ಕೊಸರು ಹಾಕಮ್ಮಾ" ಅನ್ನುತ್ತಿದ್ದಳು. ಎರಡು ಎಸಳು ಕರಿಬೇವು, ನಾಲ್ಕು ಹಸಿಮೆಣಸಿನಕಾಯಿ, ಒಂದು ತುಂಡು ಶುಂಠಿ ಬೀಳುತ್ತಿತ್ತು. ಮಾರುವವಳಿಗೆ ಅದು ಭಾರ ಅನಿಸುತ್ತಿರಲಿಲ್ಲ. ನಮ್ಮ ಒಂದು ದಿನದ ಒಗ್ಗರಣೆಗೆ ಆಗುತ್ತಿತ್ತು.

ಆಟದ ಅಂಗಡಿಯಲ್ಲೂ ಕೊಸರು ಇದೆ. ಕಾರ್ಡು ಸವೆಯದ ಹಾಗೆ ತೊಡಿಸುವ ತೆಳು ಪ್ಲಾಸ್ಟಿಕ್ ಕವರುಗಳಿಗೆ ಸ್ಲೀವ್ ಅನ್ನುತ್ತೇವೆ. ಕ್ಯಾಟನ್‌ನ 120 ಕಾರ್ಡಿಗೆ, 50ರ ಪ್ಯಾಕ್ ಆದರೆ ಮೂರು ಬೇಕು. ಕಾರ್ಡಿನ ಅಳತೆ 54ಕ್ಕೆ 80 ಮಿಲಿಮೀಟರ್, ಆ ಅಳತೆಯದೇ ಆಗಬೇಕು. ಮುಂದೊಂದು ದಿನ ಇನ್ನೊಂದು ದೊಡ್ಡ ಆಟ ಕೊಂಡಾಗ ನಾನು ರೇಟಿನ ಮಾತೇ ಎತ್ತಲಿಲ್ಲ. ಬಿಲ್ ಆಗುವ ಹೊತ್ತಿಗೆ, "ಸಾರ್, ಪೂರ್ತಿ ರೇಟು ಕೊಡ್ತೀನಿ. ಕ್ಯಾಟನ್‌ಗೆ ಎರಡು ಪ್ಯಾಕ್ ಸ್ಲೀವ್ ನಾನೇ ತಗೋತೀನಿ, ಮೂರನೆಯದನ್ನ ಕೊಸರು ಅಂತ ಹಾಕ್ತೀರಾ?" ಎಂದೆ. ಕೊಸರು ಅನ್ನುವ ಮಾತು ಕೇಳಿ ಅವರಿಗೆ ಖುಷಿಯಾಯಿತು. "ನಮ್ಮಮ್ಮನೂ ಹೀಗೇ ಅಂತಿದ್ರು" ಎನ್ನುತ್ತಾ ಒಂದು ಪ್ಯಾಕ್ ತೆಗೆದು ಚೀಲಕ್ಕೆ ಹಾಕಿದರು.

ಇದು ಯಾಕೆ ನಡೆಯುತ್ತದೆ ಅಂತ ಆಮೇಲೆ ಯೋಚಿಸಿದೆ. ನೂರೈವತ್ತು ರೂಪಾಯಿ ಇಳಿಸಿದರೆ ಅವರ ಕೈಯಿಂದ ನೂರೈವತ್ತೂ ಹೋಗುತ್ತದೆ. ನೂರೈವತ್ತರ ಸ್ಲೀವ್ ಕೊಟ್ಟರೆ ಹೋಗುವುದು ಅದರ ಅಸಲು ಮಾತ್ರ, ನನಗೆ ಮಾತ್ರ ನೂರೈವತ್ತರ ವಸ್ತು ಬಂತು. ಬಿಲ್ಲಿನಲ್ಲಿ ಆಟದ ಬೆಲೆ ಇಳಿಯುವುದಿಲ್ಲ, ಹಾಗಾಗಿ ನಾಳೆ ಬಂದವರು 'ಅವರಿಗೆ ಕಡಿಮೆ ಕೊಟ್ಟಿರಿ' ಅಂತ ಜಗಳಕ್ಕೆ ಬರುವ ಹಾಗೂ ಇಲ್ಲ. ಕೊಡುವವರಿಗೆ ಯಾವುದು ಹಗುರವೋ ಅದನ್ನು ಕೇಳಬೇಕು. ನನ್ನ ಅನುಭವದಲ್ಲಿ ಚೌಕಾಸಿಯ ಮುಕ್ಕಾಲು ಪಾಲು ಇಷ್ಟೇ.

ಯಾವುದು ಹಗುರ ಅಂತ ತಿಳಿಯಲು ಡಬ್ಬದ ಹಿಂದಿನ ಚೀಟಿ ಓದುತ್ತೇನೆ. ಹೊರದೇಶದಿಂದ ಬಂದ ಆಟಗಳ ಮೇಲೆ ಆಮದು ಮಾಡಿದವರ ಹೆಸರು, ವಿಳಾಸ, ಎಂಆರ್‌ಪಿ, ತಿಂಗಳು-ವರ್ಷ ಇರುವ ಚೀಟಿ ಅಂಟಿಸಿರಬೇಕು, ಅದು ಕಾನೂನು. ಎಂಆರ್‌ಪಿ ಅಂದರೆ ತೆರಿಗೆ ಎಲ್ಲ ಸೇರಿದ ಗರಿಷ್ಠ ಬೆಲೆ, ಅದಕ್ಕಿಂತ ಕಡಿಮೆಗೆ ಮಾರಲು ಯಾರ ಅಡ್ಡಿಯೂ ಇಲ್ಲ. ನಾನು ನೋಡುವುದು ತಿಂಗಳು-ವರ್ಷವನ್ನು. ಎರಡು ವರ್ಷ ಹಳೆಯದಾಗಿ, ಮೇಲೆ ಧೂಳು ಕೂತಿದ್ದರೆ ಅಂಗಡಿಯವರ ದುಡ್ಡು ಅಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತ ಅರ್ಥ. ಅಂಥದ್ದಕ್ಕೆ ಕೇಳಬಹುದು. ಕೇಳುವಾಗ 'ಇದು ಯಾರೂ ತಗೊಳ್ಳದ ಮಾಲು' ಅನ್ನುವುದಿಲ್ಲ. ಆ ಆಟವನ್ನು ಆಸೆಪಟ್ಟು ತರಿಸಿದವರು ಅವರೇ ಅಲ್ವಾ? "ಇದನ್ನ ಆಡಬೇಕು ಅಂತ ನನಗೂ ಆಸೆ. ನನ್ನ ಕೈಯಲ್ಲಿ ಇಷ್ಟಿದೆ. ಆಗುತ್ತೆ ಅಂದ್ರೆ ಇವತ್ತೇ ತಗೊಂಡು ಹೋಗ್ತೀನಿ, ಆಗಲ್ಲ ಅಂದ್ರೂ ಬೇಜಾರಿಲ್ಲ" ಎನ್ನುತ್ತೇನೆ. ಮೊತ್ತ ಬಾಯಿಬಿಟ್ಟು ಹೇಳುತ್ತೇನೆ. 'ಲಾಸ್ಟ್ ಎಷ್ಟು' ಅಂತ ಮತ್ತೆ ಮತ್ತೆ ಕೇಳಿ ಸುಸ್ತು ಮಾಡುವುದಿಲ್ಲ. ಆಗಲ್ಲ ಅಂದರೆ ಅಲ್ಲಿಗೆ ಬಿಡುತ್ತೇನೆ. ಹಾಗೆ ಬಿಟ್ಟ ಒಂದು ಆಟಕ್ಕೆ ಮೂರು ತಿಂಗಳಾದ ಮೇಲೆ ಅವರೇ ಫೋನ್ ಮಾಡಿದರು: "ಅಕ್ಕಾ, ನೀವು ಹೇಳಿದ ರೇಟಿಗೆ ಕೊಡ್ತೀನಿ, ಬನ್ನಿ." ಮೇಡಂ ಹೋಗಿ ಅಕ್ಕ ಆಗಿದ್ದು ಅವತ್ತೇ.

ಒಂದು ಸಲ ತೆರಿಗೆಯ ಮಾತೂ ಬಂತು. 2025ರ ಸೆಪ್ಟೆಂಬರ್ 22ರಿಂದ ಚೆಸ್, ಕ್ಯಾರಂ, ಲೂಡೋ ಮತ್ತು ಇತರ ಬೋರ್ಡ್ ಗೇಮ್‌ಗಳ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿಯಿತು. ಅದಾದ ಸ್ವಲ್ಪ ದಿನಕ್ಕೆ ನಾನು ಎತ್ತಿಕೊಂಡ ಡಬ್ಬದ ಮೇಲೆ ಹಳೆಯ ಎಂಆರ್‌ಪಿ 2,800 ಇತ್ತು. ಮನೆಯಲ್ಲೇ ಲೆಕ್ಕ ಹಾಕಿಕೊಂಡು ಹೋಗಿದ್ದೆ. 2,500ಕ್ಕೆ ಶೇ. 12 ಸೇರಿದರೆ 2,800, ಶೇ. 5 ಸೇರಿದರೆ 2,625. "ಸಾರ್, ಇದು ಹಳೇ ಚೀಟಿ ಅನ್ಸುತ್ತೆ, ಹೊಸ ತೆರಿಗೆಗೆ ಎಷ್ಟಾಗುತ್ತೆ ನೋಡ್ತೀರಾ?" ಎಂದಷ್ಟೇ ಕೇಳಿದೆ. ಅವರು ಕಂಪ್ಯೂಟರಿನಲ್ಲಿ ನೋಡಿ 2,625ಕ್ಕೇ ಬಿಲ್ ಮಾಡಿದರು. 175 ರೂಪಾಯಿ ಉಳಿಯಿತು. ಇದನ್ನು ನಾನು ಚೌಕಾಸಿ ಲೆಕ್ಕಕ್ಕೆ ಸೇರಿಸುವುದಿಲ್ಲ, ನ್ಯಾಯವಾಗಿ ಬರಬೇಕಾದದ್ದು. ಆದರೂ ಅದನ್ನು ಕೇಳುವ ದನಿ ಮೆತ್ತಗಿರಬೇಕು. ಗೋಡೆ ತುಂಬ ಇರುವ ಡಬ್ಬಗಳ ಚೀಟಿಯನ್ನು ಒಬ್ಬರೇ ಕೂತು ಬದಲಿಸುವುದು ಸುಲಭ ಅಲ್ಲ.

'ಬಿಲ್ ಬೇಡ, ಅದರ ಬದಲು ಇಳಿಸಿ' ಅಂತ ಮಾತ್ರ ಯಾವತ್ತೂ ಕೇಳಿಲ್ಲ. ತೆರಿಗೆ ತಪ್ಪಿಸಲು ಅವರನ್ನು ಎಳೆಯುವುದು ಸರಿಯಲ್ಲ. ನಾಳೆ ಒಳಗೆ ಒಂದು ಕಾಯಿ ಕಡಿಮೆ ಬಂದರೆ ಏನು ಹಿಡಿದು ಕೇಳುವುದು? ದುಡ್ಡನ್ನು ಬ್ಯಾಂಕ್ ಖಾತೆಯಿಂದ ಯುಪಿಐ ಮೂಲಕವೇ ಕೊಡುತ್ತೇನೆ. ಕ್ರೆಡಿಟ್ ಕಾರ್ಡ್ ಉಜ್ಜಿದರೆ ಅದರ ಶುಲ್ಕ ಅವರ ಲಾಭದಲ್ಲಿ ಕಡಿತವಾಗುತ್ತದೆ. ಅವರ ಬಳಿ ಏನಾದರೂ ಕೇಳುವ ಮುಂಚೆ ನನ್ನ ಕೈಲಾದ ಇಷ್ಟನ್ನಾದರೂ ಮಾಡಬೇಕು ಅನಿಸುತ್ತದೆ.

ಹೊಸದಾಗಿ ಬಂದು ಎಲ್ಲರೂ ಹುಡುಕುವ ಆಟಕ್ಕೆ ಕೇಳುವುದಿಲ್ಲ. ಕಾಲೇಜು ಹುಡುಗರು ತಮ್ಮ ಹಳೆ ಆಟವನ್ನು ಮಾರಿಕೊಡಿ ಅಂತ ಅಲ್ಲಿ ಇಟ್ಟಿದ್ದರೆ ಅದಕ್ಕೂ ಇಲ್ಲ, ಆ ದುಡ್ಡು ಅಂಗಡಿಯವರದಲ್ಲ. ಗಲ್ಲಾದ ಪಕ್ಕ ಚನ್ನಪಟ್ಟಣದ ಪಗಡೆ ಕಾಯಿಗಳ ಒಂದು ಬುಟ್ಟಿ ಇದೆ. ಹಾಲೆ ಮರದ ತುಂಡನ್ನು ಚರಕಿಗೆ ಕೊಟ್ಟು ಕಡೆದು, ತಿರುಗುತ್ತಿರುವಾಗಲೇ ಅರಗಿನ ಬಣ್ಣ ಒತ್ತಿ ಹೊಳಪು ತಂದ ಕಾಯಿಗಳು. ಒಂದೊಂದನ್ನೂ ಒಬ್ಬರು ಕೂತು ಮಾಡಿರುತ್ತಾರೆ. ಬುಡದಲ್ಲಿ ಉಳಿ ತಾಗಿದ ಸಣ್ಣ ಗೆರೆ ಕಾಣುತ್ತದೆ. ಅದಕ್ಕೆ ಹೇಳಿದಷ್ಟು ಕೊಡುತ್ತೇನೆ, ಕೊಸರೂ ಕೇಳುವುದಿಲ್ಲ.

ಮಗ ಈಗ ಪಿಯುಸಿ. ಕ್ಯಾಟನ್‌ನಲ್ಲಿ ಅವನನ್ನು ಸೋಲಿಸುವುದು ಕಷ್ಟ. "ಎರಡು ಉಣ್ಣೆ ಕೊಡ್ತೀನಿ, ಒಂದು ಇಟ್ಟಿಗೆ ಕೊಡು" ಅಂತ ಕೇಳುವಾಗ, ನನಗೆ ಉಣ್ಣೆ ಯಾಕೆ ಬೇಕು ಅನ್ನುವುದನ್ನು ಮೊದಲೇ ಲೆಕ್ಕ ಹಾಕಿರುತ್ತಾನೆ. ಆಟದ ಬ್ಯಾಂಕಿಗೆ ಹೋದರೆ ಒಂದು ಕಾರ್ಡಿಗೆ ನಾಲ್ಕು ಕೊಡಬೇಕು, ಬಂದರು ಸಿಕ್ಕರೆ ಮೂರೋ ಎರಡೋ. ಹಾಗಾಗಿ ಎದುರು ಕೂತವರ ಜೊತೆ ಮಾತಾಡುವುದೇ ಲಾಭ ಅಂತ ಅವನ ವಾದ.

ಅಂಗಡಿಯಲ್ಲಿ ಈಚೆಗೆ ಹಳೆ ಆಟ ಕೊಟ್ಟು ಹೊಸದು ಒಯ್ಯುವ ವ್ಯವಸ್ಥೆ ಶುರು ಮಾಡಿದ್ದಾರೆ. ನಮ್ಮ ಕಪಾಟಿನಲ್ಲಿ ಮಗ ಈಗ ಮುಟ್ಟದ ಎರಡು ಆಟ ಇವೆ. ಅವನ್ನು ಕೊಟ್ಟು, ಮೇಲೆ ಸ್ವಲ್ಪ ದುಡ್ಡು ಹಾಕಿ, ಟಿಕೆಟ್ ಟು ರೈಡ್ ಅನ್ನುವ ರೈಲಿನ ಆಟದ ಇಂಡಿಯಾ ನಕ್ಷೆ ತರೋಣ ಅಂತ ಇದ್ದೇವೆ. ಅದು 2011ರಲ್ಲಿ ಬಂದ ನಕ್ಷೆ, ನಮ್ಮ ಊರುಗಳ ನಡುವೆ ರೈಲು ಹಳಿ ಜೋಡಿಸಬಹುದು. ಸಾರ್ ಹುಡುಕಿಸುತ್ತೇನೆ ಅಂದಿದ್ದಾರೆ. ನಿನ್ನೆ ರಾತ್ರಿ ಮಗ ಮತ್ತು ನಾನು ಕೂತು ಆ ಎರಡು ಡಬ್ಬದ ಕಾಯಿ, ಕಾರ್ಡು ಎಲ್ಲ ಎಣಿಸಿದೆವು. ಒಂದರಲ್ಲಿ ಒಂದು ಹಳದಿ ಕಾಯಿ ಇಲ್ಲ. ಮುಚ್ಚಳದ ಸಂದಿಯಲ್ಲೂ ನೋಡಿದೆವು, ಸಿಗಲಿಲ್ಲ. ಅದನ್ನು ಒಂದು ಚೀಟಿಯಲ್ಲಿ ಬರೆದು ಡಬ್ಬದೊಳಗೆ ಎಲ್ಲಕ್ಕಿಂತ ಮೇಲೆ ಇಟ್ಟಿದ್ದೇನೆ.