ಸಣ್ಣ ಚೆಕ್ಕುಗಳಿಂದ ಪಿಎ ಓದಿನ ಸಾಲ ಇಳಿಸಿದೆ: ನನ್ನ ಅನುಭವ

"ಐನೂರು, ಸಾವಿರ ಡಾಲರಿನ ಸ್ಕಾಲರ್‌ಶಿಪ್ಪಿಗೆಲ್ಲ ಯಾಕೆ ಇಷ್ಟು ಒದ್ದಾಡ್ತೀಯ? ಸಾಲ ತಗೊಂಡು ಓದು, ಕೆಲಸಕ್ಕೆ ಸೇರಿದ್ಮೇಲೆ ತೀರಿಸಿದ್ರಾಯ್ತು" ಅಂತ ಅಣ್ಣ ಫೋನಿನಲ್ಲಿ ಹೇಳಿದ್ದು 2021ರಲ್ಲಿ. ಸೀನಿಯರ್‌ಗಳದ್ದೂ ಅದೇ ರಾಗ. ಅಮೆರಿಕದಲ್ಲಿ 27 ತಿಂಗಳ ಫಿಸಿಷಿಯನ್ ಅಸಿಸ್ಟೆಂಟ್ (ಪಿಎ, ಅಂದರೆ ವೈದ್ಯರ ಜೊತೆ ರೋಗಿಗಳನ್ನು ನೋಡಿಕೊಳ್ಳೋ ಕೆಲಸ) ಕೋರ್ಸ್ ಮುಗಿಸಿ ಹೊರಬಂದಾಗ ನನ್ನ ತಲೆ ಮೇಲಿದ್ದ ಸಾಲ ಅರವತ್ತು ಸಾವಿರ ಡಾಲರಿನ ಆಸುಪಾಸು. ಜೊತೆಯಲ್ಲಿ ಓದಿದ ಎಷ್ಟೋ ಜನರದ್ದು ಲಕ್ಷ ದಾಟಿತ್ತು. ಆ ಹೆಮ್ಮೆಯಿಂದಲೇ ಇದನ್ನು ಬರೀತಿದ್ದೀನಿ.

ಫಾಫ್ಸಾ (ಫೆಡರಲ್ ಸರ್ಕಾರದ ವಿದ್ಯಾರ್ಥಿ ನೆರವಿನ ಅರ್ಜಿ) ತುಂಬೋದು ಹೇಗೆ ಅಂತ ಇಲ್ಲಿ ಹೇಳಲ್ಲ, ಅದು ನಿಮಗೆಲ್ಲ ಗೊತ್ತು. ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇಲ್ಲದೆ ಎಚ್4ನಲ್ಲಿ (ಗಂಡ ಅಥವಾ ಹೆಂಡತಿಯ ಕೆಲಸದ ವೀಸಾದ ಮೇಲೆ ಬಂದವರ ವೀಸಾ) ಇರುವವರಿಗೆ ಫೆಡರಲ್ ಸಾಲ ಸಿಗಲ್ಲ. ಅವರಿಗೂ ನನ್ನ ದಾರಿಯ ಅರ್ಧ ಭಾಗ ನಡೆಯುತ್ತೆ.

ಮೊದಲು ಕೈಹಾಕಿದ್ದು ದೊಡ್ಡದಕ್ಕೇ: ಫೆಡರಲ್ ಸರ್ಕಾರದ ನ್ಯಾಷನಲ್ ಹೆಲ್ತ್ ಸರ್ವಿಸ್ ಕಾರ್ಪ್ಸ್ ಸ್ಕಾಲರ್‌ಶಿಪ್. ಫೀಸೂ ಕೊಡ್ತಾರೆ, ತಿಂಗಳಿಗಿಷ್ಟು ಕೈಖರ್ಚಿಗೂ ಕೊಡ್ತಾರೆ. ಬದಲಿಗೆ ಕಡಿಮೆ ಅಂದರೂ ಎರಡು ವರ್ಷ ವೈದ್ಯರ ಕೊರತೆ ಇರುವ ಕಡೆ ದುಡೀಬೇಕು, ಒಪ್ಪಂದ ಮುರಿದರೆ ಮೂರು ಪಟ್ಟು ಹಣ ಬಡ್ಡಿ ಸಮೇತ ಕಟ್ಟಬೇಕು. ಮಗಳಿಗೆ ಆಗ ನಾಲ್ಕು ವರ್ಷ. ಯಜಮಾನರ ಕೆಲಸ ಇರೋದು ಇದೇ ಊರಲ್ಲಿ. ಎರಡು ವಾರ ನಿದ್ದೆಗೆಟ್ಟು ಯೋಚಿಸಿ ಹಾಕಿದೆ, ಸಿಗಲಿಲ್ಲ. ಆಮೇಲೆ ದೇಶಮಟ್ಟದ ನಲವತ್ತು ಅರ್ಜಿ ಹಾಕಿದ್ದೆನೋ ಏನೋ, ಒಂದು ಬೇಸಿಗೆಯ ಶನಿವಾರ ಭಾನುವಾರಗಳೆಲ್ಲ ಅದಕ್ಕೇ ಹೋದವು. ಕೈಗೆ ಬಂದದ್ದು ಸೊನ್ನೆ.

ದಾರಿ ಕಂಡದ್ದು ಆಸ್ಪತ್ರೆಯ ಕ್ಯಾಂಟೀನಿನಲ್ಲಿ. ಕೋರ್ಸಿಗೆ ಮುಂಚೆ ಡಯಾಲಿಸಿಸ್ ಘಟಕದಲ್ಲಿ ಟೆಕ್ನಿಷಿಯನ್ ಆಗಿದ್ದೆ. ನೋಟಿಸ್ ಬೋರ್ಡಿನ ಮೂಲೆಯಲ್ಲಿ ಆಸ್ಪತ್ರೆಯ ಸ್ವಯಂಸೇವಕಿಯರ ಸಂಘದ್ದೊಂದು ಹಳದಿ ಕಾಗದ. ಸ್ಕಾಲರ್‌ಶಿಪ್ಪಿನ ಕೊನೆಯ ದಿನಾಂಕ ಹೊಡೆದುಹಾಕಿ ಪೆನ್ನಿನಲ್ಲಿ ಹೊಸದು ಬರೆದಿದ್ದರು. ಕೇಳಿದೆ. ಬಂದಿರೋದೇ ನಾಲ್ಕು ಅರ್ಜಿ ಅಂದರು! ಅವತ್ತೇ ರಾತ್ರಿ ಹಳೇ ಪ್ರಬಂಧ ಬಿಸಾಕಿದೆ. "ಜನಸೇವೆ ನನ್ನ ಕನಸು" ಅನ್ನೋ ಸಾಲನ್ನು ಎಲ್ಲರೂ ಬರೀತಾರೆ. ನಾನು ಗುರುವಾರ ಮಧ್ಯಾಹ್ನದ ಪಾಳಿಯ ಒಬ್ಬ ತಾತನ ಬಗ್ಗೆ ಬರೆದೆ. ಅವರ ಕೊನೆಯ ಬಸ್ಸು ಐದು ಗಂಟೆಗೆ. ಮೆಷಿನ್ ಹಾಕೋದು ಅರ್ಧ ಗಂಟೆ ತಡವಾದರೆ, ರಕ್ತಶುದ್ಧಿ ಪೂರ್ತಿ ಆಗೋ ಮೊದಲೇ "ಸೂಜಿ ತೆಗೆದುಬಿಡಮ್ಮಾ" ಅಂತಿದ್ದರು. ಸಂದರ್ಶನಕ್ಕೆ ಕೂತಿದ್ದ ಮೂವರು ಅಜ್ಜಿಯರಲ್ಲಿ ಒಬ್ಬರು ಕೇಳಿದ್ದು ಒಂದೇ ಪ್ರಶ್ನೆ: "ಈಗ ಅವರು ಮನೆಗೆ ಹೇಗೆ ಹೋಗ್ತಾರೆ?" ನರ್ಸ್ ಮ್ಯಾನೇಜರನ್ನು ಕಾಡಿ ಬೇಡಿ ಬೆಳಗಿನ ಪಾಳಿಗೆ ಹಾಕಿಸಿದ್ದೆ, ಅದನ್ನೇ ಹೇಳಿದೆ. ಮುಂದಿನ ವಾರ 1,500 ಡಾಲರ್ ಚೆಕ್ಕು ಬಂತು.

ಅಲ್ಲಿಂದ ಊರು, ಕೌಂಟಿ (ನಮ್ಮ ಜಿಲ್ಲೆ ಇದ್ದ ಹಾಗೆ), ಹೆಚ್ಚೆಂದರೆ ರಾಜ್ಯ ದಾಟಿ ಹೋಗಲಿಲ್ಲ. ಕೌಂಟಿ ವೈದ್ಯರ ಸಂಘ, ರೋಟರಿ, ಕ್ರೆಡಿಟ್ ಯೂನಿಯನ್ (ನಮ್ಮ ಸಹಕಾರಿ ಬ್ಯಾಂಕ್ ಇದ್ದ ಹಾಗೆ), ರಾಜ್ಯದ ಪಿಎ ಸಂಘ, ಹೀಗೆ ಅರವತ್ತರ ಹತ್ತಿರ ಅರ್ಜಿ ಹಾಕಿದೆ. ಸಿಕ್ಕಿದ್ದು ಹನ್ನೊಂದು, ಒಟ್ಟು ಇಪ್ಪತ್ತೆರಡು ಸಾವಿರದಷ್ಟು.

ಅಣ್ಣನ ಲೆಕ್ಕ ತಪ್ಪಿದ್ದು ಇಲ್ಲಿ. ಫೆಡರಲ್ ಸರ್ಕಾರದ ನೇರ ಸಾಲ ವರ್ಷಕ್ಕೆ 20,500 ಡಾಲರಿಗೆ ನಿಲ್ಲುತ್ತೆ, ಉಳಿದದ್ದಕ್ಕೆ ಆಗ ಅದೇ ಸರ್ಕಾರದ ದುಬಾರಿ ಗ್ರಾಡ್ ಪ್ಲಸ್ ಸಾಲ ತಗೋಬೇಕಿತ್ತು. 2022-23ರಲ್ಲಿ ಅದರ ಬಡ್ಡಿ 7.54%, ಮೇಲೆ ನಾಲ್ಕು ಚಿಲ್ಲರೆ ಶೇಕಡಾ ಶುಲ್ಕ ಮೊದಲೇ ಕಡಿತ. ಆ ದರದಲ್ಲಿ ಸಾವಿರ ಡಾಲರ್ ಸಾಲ ಹತ್ತು ವರ್ಷದ ಕಂತಿನಲ್ಲಿ ತೀರಿಸೋ ಹೊತ್ತಿಗೆ 1,400 ದಾಟುತ್ತೆ. ಫೆಡರಲ್ ಸಾಲ ಕೈಗೆ ಬಂದ 120 ದಿನದೊಳಗೆ ಎಷ್ಟು ವಾಪಸ್ ಮಾಡ್ತೀರೋ ಅಷ್ಟರ ಮೇಲಿನ ಬಡ್ಡಿ, ಶುಲ್ಕ ಎರಡೂ ವಜಾ. ಪ್ರತಿ ಚೆಕ್ಕು ಬಂದ ವಾರವೇ ಅಷ್ಟು ಪ್ಲಸ್ ಸಾಲ ವಾಪಸ್ ಕಳಿಸಿದೆ. ಇಡೀ ವಿದ್ಯೆ ಇಷ್ಟೇ!

ಒಂದು ಏಟೂ ತಿಂದೆ. ಎರಡನೇ ಚೆಕ್ಕು ಬಂದಾಗ ನಮ್ಮ ಕಾಲೇಜಿನ ಹಣಕಾಸು ಕಚೇರಿ, ಸಾಲ ಇಳಿಸೋ ಬದಲು ಕಾಲೇಜೇ ಕೊಟ್ಟಿದ್ದ 1,500 ಅನುದಾನವನ್ನು ಕತ್ತರಿಸಿಬಿಟ್ಟಿತು. ಅತ್ತೂಬಿಟ್ಟೆ. ಆಮೇಲೆ ಎರಡು ಪುಟದ ಪತ್ರ ಬರೆದು ಖುದ್ದಾಗಿ ಹೋಗಿ ಕೂತೆ, ಮೂರು ವಾರಕ್ಕೆ ಸರಿಹೋಯಿತು. ಅಂದಿನಿಂದ ಪ್ರತಿ ಚೆಕ್ಕಿನ ಜೊತೆ "ಮೊದಲು ಪ್ಲಸ್ ಸಾಲದಲ್ಲೇ ಕಳೆಯಿರಿ" ಅಂತ ಇಮೇಲ್ ಕಳಿಸಿ, ಉತ್ತರ ಬರೋವರೆಗೂ ಬಿಡ್ತಿರಲಿಲ್ಲ.

ನಡುವೆ ವಿಡಿಯೋ ಕೇಳುವ ಸ್ಕಾಲರ್‌ಶಿಪ್‌ಗಳನ್ನೂ ನೋಡಿದೆ. ಆರು ವಿಡಿಯೋ ಮಾಡಿದೆ, ಒಂದೂ ಬರಲಿಲ್ಲ. ಕೈಬರಹದ ಧನ್ಯವಾದ ಪತ್ರ ಮಾತ್ರ ಕೆಲಸ ಮಾಡಿತು. ಹಾಗೆ ನನ್ನ ಪತ್ರ ಪಡೆದವರಲ್ಲಿ ಇಬ್ಬರು ಮರುವರ್ಷ ತಾವಾಗಿಯೇ ಕರೆದು ಅರ್ಜಿ ಹಾಕಿಸಿದರು. ಸ್ಕಾಲರ್‌ಶಿಪ್ ಕೊಡೋ ಊರಿನ ಹಳೇ ಟ್ರಸ್ಟ್‌ಗಳ ಹೆಸರು ನನಗೆ ಎಲ್ಲಿ ಸಿಕ್ಕಿತು ಅನ್ನೋದನ್ನು ಸದ್ಯಕ್ಕೆ ಹೇಳಲ್ಲ, ಕ್ಷಮಿಸಿ. ನಾದಿನಿಯ ಮಗಳೂ ಪಿಎ ಓದೋಕೆ ಹೊರಟು ಈ ಸಲ ಅವಕ್ಕೆ ಅರ್ಜಿ ಹಾಕ್ತಿದ್ದಾಳೆ.

ಅವಳ ಪಾಡು ನನಗಿಂತ ಕಷ್ಟ. 2025ರ ಕಾನೂನಿನ ಪ್ರಕಾರ 2026ರ ಜುಲೈ 1ರಿಂದ ಹೊಸದಾಗಿ ಸಾಲ ಮಾಡುವವರಿಗೆ ಗ್ರಾಡ್ ಪ್ಲಸ್ ಇಲ್ಲ. ನೇರ ಸಾಲ ಸಾಲದಿದ್ದರೆ ಖಾಸಗಿ ಬ್ಯಾಂಕೇ ಗತಿ, ಅಲ್ಲಿ ಈ 120 ದಿನದ ನಿಯಮ ಇಲ್ಲ. ಅದಕ್ಕೇ ಅವಳಿಗೆ ಸೀಟು ಸಿಗೋಕೆ ಮೊದಲೇ ಶುರು ಮಾಡಿಸಿದ್ದೀನಿ. ಹೋದ ವಾರ ಕ್ರೆಡಿಟ್ ಯೂನಿಯನ್ನಿನದ್ದು ಹೋಯಿತು. ಮೊದಲ ಪ್ಯಾರಾ ನಾಲ್ಕು ಸಲ ತಿದ್ದಿಸಿದೆ. ಕೊನೆಗೆ ಆಂಬುಲೆನ್ಸಿನ ಹಿಂದಿನ ಸೀಟಿನಲ್ಲಿ ಕೂತು ಒಬ್ಬ ಹೆಂಗಸಿನ ಕೈ ಹಿಡಿದಿದ್ದ ಆ ಹನ್ನೆರಡು ನಿಮಿಷದ ಬಗ್ಗೆ ಬರೆದಳು. ಅದನ್ನು ಓದಿದ ಮೇಲೆ ನಾನು ಒಂದಕ್ಷರ ಮುಟ್ಟಲಿಲ್ಲ.