ಸೂಟ್‌ಕೇಸ್ ಕೈಯಲ್ಲಿಲ್ಲದ ಎರಡು ಹೊತ್ತು: ಕ್ರೂಸ್ ಪ್ರವಾಸಕ್ಕೆ ನಾನು ಸಿದ್ಧವಾಗುವ ಬಗೆ

ನನ್ನ ಮೊದಲ ಕ್ರೂಸ್ ಪ್ರವಾಸದ ಕೊನೆಯ ಬೆಳಿಗ್ಗೆ ನಾನು ಮಲಗುವ ಪೈಜಾಮದ ಮೇಲೆ ಮಳೆಯಂಗಿ ತೊಟ್ಟುಕೊಂಡು ಹಡಗಿನಿಂದ ಇಳಿದೆ. ಹಿಂದಿನ ರಾತ್ರಿ, ಸಿಬ್ಬಂದಿ ತಿಳಿಸಿದ್ದಂತೆ, ಹನ್ನೊಂದು ಗಂಟೆಯೊಳಗೆ ಸೂಟ್‌ಕೇಸ್‌ಗಳಿಗೆ ಟ್ಯಾಗ್ ಕಟ್ಟಿ ಕ್ಯಾಬಿನ್ನಿನ ಬಾಗಿಲ ಹೊರಗೆ ಇಟ್ಟಿದ್ದೆ. ಬೆಳಗಾಗುವಷ್ಟರಲ್ಲಿ ಅವು ಬಂದರಿನ ಕಟ್ಟಡಕ್ಕೆ ಹೊರಟುಹೋಗುತ್ತವೆ ಎಂಬುದು ಗೊತ್ತಿತ್ತು. ಮರುದಿನ ಉಡಬೇಕಾದ ಬಟ್ಟೆಯೂ ಅವುಗಳ ಒಳಗೇ ಇದೆ ಎಂಬುದು ಮಾತ್ರ ಹೊಳೆದದ್ದು ಬಾಗಿಲಾಚೆ ಪೆಟ್ಟಿಗೆಗಳು ಕಾಣದಾದ ಮೇಲೆ.

ಹಡಗಿನಲ್ಲಿ ಒಮ್ಮೆ ಪೆಟ್ಟಿಗೆ ಬಿಚ್ಚಿದರೆ ಮುಗಿಯಿತು, ಊರಿನಿಂದೂರಿಗೆ ಹೊತ್ತು ತಿರುಗುವ ಕಷ್ಟವಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಅದು ನಿಜವೇ. ಆದರೆ ಹತ್ತುವ ದಿನದ ಮಧ್ಯಾಹ್ನ ಒಮ್ಮೆ, ಇಳಿಯುವ ಮುನ್ನಿನ ರಾತ್ರಿ ಇನ್ನೊಮ್ಮೆ, ಪೆಟ್ಟಿಗೆ ನಮ್ಮ ಕೈಯಲ್ಲಿರುವುದಿಲ್ಲ. ಐದು ಪ್ರವಾಸ ಮುಗಿಸಿರುವ ನಾನು ಈಗ ಆ ಎರಡು ಹೊತ್ತಿಗೆ ಬೇಕಾದದ್ದನ್ನು ಮೊದಲು ತೆಗೆದಿಟ್ಟು, ಉಳಿದದ್ದರ ಯೋಚನೆಯನ್ನು ಆಮೇಲೆ ಮಾಡುತ್ತೇನೆ.

ಹತ್ತುವ ದಿನ ದೊಡ್ಡ ಪೆಟ್ಟಿಗೆಗಳನ್ನು ಬಂದರಿನ ಹಮಾಲರಿಗೆ ಒಪ್ಪಿಸುತ್ತೇವೆ; ಸಾವಿರಾರು ಪ್ರಯಾಣಿಕರ ಸಾಮಾನು ತಪಾಸಣೆಯಾಗಿ ಕ್ಯಾಬಿನ್ ತಲುಪುವಾಗ ಸಂಜೆಯಾಗುತ್ತದೆ, ಕೆಲವೊಮ್ಮೆ ರಾತ್ರಿಯೂಟವೂ ಮುಗಿದಿರುತ್ತದೆ. ಅಲ್ಲಿಯವರೆಗಿನ ಐದಾರು ಗಂಟೆಗೆ ನನ್ನ ಹೆಗಲಚೀಲದಲ್ಲಿ ಪಾಸ್‌ಪೋರ್ಟ್, ಹಡಗಿನ ಪ್ರವೇಶಪತ್ರ, ನಿತ್ಯದ ಮಾತ್ರೆಗಳು, ಕನ್ನಡಕ, ಫೋನಿನ ಚಾರ್ಜರ್ ಇರುತ್ತವೆ. ಜೊತೆಗೆ ಒಂದು ಈಜುಡುಗೆಯೂ ಇರುತ್ತದೆ, ಏಕೆಂದರೆ ಈಜುಕೊಳ ಖಾಲಿ ಸಿಗುವುದು ಆ ಮಧ್ಯಾಹ್ನ ಮಾತ್ರ. ಹಡಗಿನ ಓಲಾಟಕ್ಕೆ ತಲೆ ಸುತ್ತುವವರು ಅದರ ಮಾತ್ರೆಯನ್ನೂ ಇಲ್ಲೇ ಇಟ್ಟುಕೊಳ್ಳಬೇಕು. ಅದು ವಾಕರಿಕೆ ಹತ್ತುವ ಮೊದಲೇ ನುಂಗಿದರೆ ಹಿಡಿಯುತ್ತದೆಯೇ ಹೊರತು ಹತ್ತಿದ ಮೇಲೆ ಅಷ್ಟಾಗಿ ಅಲ್ಲ. ಯಾವ ಮಾತ್ರೆ ಎಂಬುದನ್ನು ಹೊರಡುವ ಮೊದಲೇ ವೈದ್ಯರಿಂದ ಬರೆಸಿಕೊಳ್ಳುವುದು ಒಳಿತು, ಹಲವಕ್ಕೆ ನಿದ್ದೆ ಬರಿಸುವ ಗುಣವಿದೆ.

ಬಟ್ಟೆಯ ವಿಷಯದಲ್ಲಿ ನಾನು ಮಾಡಿದ ದೊಡ್ಡ ತಪ್ಪೆಂದರೆ ಬೆಚ್ಚಗಿನ ಸಮುದ್ರಕ್ಕೆ ತೆಳ್ಳನೆಯ ಬಟ್ಟೆ ಸಾಕೆಂದು ನಂಬಿದ್ದು. ಹಡಗು 20 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ ಸುಮಾರು 37 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿದ್ದರೆ, ಎಲೆ ಅಲುಗದಷ್ಟು ನಿಶ್ಚಲವಾದ ದಿನವೂ ಮೇಲಿನ ಡೆಕ್ಕಿನಲ್ಲಿ ನಿಂತವರ ಮುಖಕ್ಕೆ ಅಷ್ಟೇ ವೇಗದ ಗಾಳಿ ಬಡಿಯುತ್ತದೆ. ಅಗಲ ಅಂಚಿನ ಟೋಪಿ ಅಲ್ಲಿ ನಿಲ್ಲುವುದಿಲ್ಲ. ನನ್ನದೊಂದು ಹುಲ್ಲಿನ ಟೋಪಿ ಮೊದಲ ದಿನವೇ ರೇಲಿಂಗ್ ದಾಟಿ ಸಮುದ್ರದ ಪಾಲಾಯಿತು. ಗದ್ದದ ಕೆಳಗೆ ದಾರ ಕಟ್ಟಿಕೊಳ್ಳುವಂಥದ್ದೇ ಬೇಕು. ಒಳಗಿನ ಊಟದ ಸಭಾಂಗಣ ಮತ್ತು ರಂಗಮಂದಿರದಲ್ಲಿಯೋ ಹವಾನಿಯಂತ್ರಣದ ಚಳಿ ಎಷ್ಟಿರುತ್ತದೆಂದರೆ, ಬಿಸಿಲಿನಿಂದ ನೇರವಾಗಿ ಒಳಬಂದವರು ಹತ್ತು ನಿಮಿಷದಲ್ಲಿ ತೋಳು ಉಜ್ಜಿಕೊಳ್ಳತೊಡಗುತ್ತಾರೆ. ಗಾಳಿ ತಡೆಯುವ ಒಂದು ಹಗುರ ಜಾಕೆಟ್ ಮತ್ತು ಒಂದು ಶಾಲು, ಇವೆರಡನ್ನು ನಾನು ಏಳು ದಿನವೂ ಬಳಸಿದ್ದೇನೆ. ಮೂರು ಪ್ಯಾಂಟುಗಳಲ್ಲಿ ಒಂದನ್ನು ಮಡಿಕೆ ಬಿಚ್ಚದೆ ಮನೆಗೆ ತಂದಿದ್ದೇನೆ.

ಏಳು ರಾತ್ರಿಗಳ ಪ್ರವಾಸದಲ್ಲಿ ಸಾಮಾನ್ಯವಾಗಿ ಎರಡು ರಾತ್ರಿ ಔಪಚಾರಿಕ ಉಡುಪಿನ ಊಟವಿರುತ್ತದೆ. ಇದಕ್ಕೆ ಹೆದರಿ ಹೊಸ ಸೂಟು ಹೊಲಿಸಿದವರನ್ನು ಕಂಡಿದ್ದೇನೆ. ಎರಡು ರಾತ್ರಿಯೂ ಒಂದೇ ಕಪ್ಪು ಕೋಟಿಗೆ ಅಂಗಿ ಬದಲಿಸಿ ಹೋದ ನನ್ನನ್ನು ಯಾರೂ ಗಮನಿಸಲಿಲ್ಲ. ಮನಸ್ಸಿಲ್ಲದವರು ಆ ರಾತ್ರಿ ಬಫೆಯಲ್ಲಿ ಊಟ ಮುಗಿಸಬಹುದು. ಉಳಿದ ಸಂಜೆಗಳಲ್ಲಿ ಮುಖ್ಯ ಸಭಾಂಗಣಕ್ಕೆ ಈಜುಡುಗೆ, ತೋಳಿಲ್ಲದ ಬನಿಯನ್ನು ನಡೆಯುವುದಿಲ್ಲ ಎಂಬುದನ್ನು ನೆನಪಿಟ್ಟರೆ ಸಾಕು.

ದಡಕ್ಕಿಳಿಯುವ ದಿನಗಳಿಗೆ ಪಳಗಿದ ಶೂ ಬೇಕು, ಹೊಸದು ಬೇಡ. ಚರ್ಚು, ಮಸೀದಿ, ದೇಗುಲಗಳು ಹಾದಿಯಲ್ಲಿದ್ದರೆ ಭುಜ ಮತ್ತು ಮೊಣಕಾಲು ಮುಚ್ಚುವ ಬಟ್ಟೆಯಿರಬೇಕು. ಮೇಲೆ ಹೇಳಿದ ಶಾಲು ಅಲ್ಲಿಯೂ ಕೆಲಸಕ್ಕೆ ಬರುತ್ತದೆ. ಹೆಚ್ಚಿನವರಿಗೆ ತಿಳಿಯದ ಒಂದು ನಿಯಮವಿದೆ: ಬಾರ್ಬಡೋಸ್, ಜಮೈಕಾ ಮೊದಲಾದ ಕೆರಿಬಿಯನ್ ದೇಶಗಳಲ್ಲಿ ಸೈನಿಕರ ಸಮವಸ್ತ್ರದಂಥ ಕ್ಯಾಮಫ್ಲಾಜ್ ವಿನ್ಯಾಸದ ಬಟ್ಟೆಯನ್ನು ಸಾರ್ವಜನಿಕರು ತೊಡುವಂತಿಲ್ಲ, ಮಕ್ಕಳ ಚಡ್ಡಿಗೂ ವಿನಾಯಿತಿಯಿಲ್ಲ. ಹವಳದ ದಂಡೆಗಳಿರುವ ಕಡೆ ಬಿಸಿಲಿನ ಕ್ರೀಮಿಗೂ ಕಟ್ಟುಪಾಡುಗಳಿವೆ. ಪೆಸಿಫಿಕ್ ಸಾಗರದ ದ್ವೀಪರಾಷ್ಟ್ರ ಪಲಾವ್ 2020ರಲ್ಲಿಯೂ ಅಮೆರಿಕದ ಹವಾಯಿ ರಾಜ್ಯ 2021ರಲ್ಲಿಯೂ ಹವಳಕ್ಕೆ ಹಾನಿಕರವಾದ ಕೆಲವು ರಾಸಾಯನಿಕಗಳಿರುವ ಕ್ರೀಮುಗಳ ಮಾರಾಟವನ್ನು ನಿಷೇಧಿಸಿದವು. ಆದ್ದರಿಂದ ನಾನು ಝಿಂಕ್ ಆಕ್ಸೈಡಿನ ಕ್ರೀಮನ್ನೇ ಒಯ್ಯುತ್ತೇನೆ, ಮುಖ ಬೆಳ್ಳಗೆ ಕಂಡರೂ ಚಿಂತೆಯಿಲ್ಲ.

ಕ್ಯಾಬಿನ್ ಚಿಕ್ಕದು, ಆದರೆ ಮಂಚ ಎತ್ತರವಾಗಿರುವುದರಿಂದ ಖಾಲಿ ಪೆಟ್ಟಿಗೆಗಳು ಅದರಡಿ ಸೇರಿಕೊಳ್ಳುತ್ತವೆ. ಗೋಡೆಗಳು ಹೆಚ್ಚಾಗಿ ಉಕ್ಕಿನವು. ಇದನ್ನು ಎರಡನೆಯ ಪ್ರವಾಸದಲ್ಲಿ ಪಕ್ಕದ ಕ್ಯಾಬಿನ್ನಿನ ಹಿರಿಯರೊಬ್ಬರಿಂದ ಕಲಿತೆ: ಅವರು ಅಯಸ್ಕಾಂತದ ಕೊಕ್ಕೆಗಳನ್ನು ಗೋಡೆಗೆ ಟಕ್ಕೆಂದು ಅಂಟಿಸಿ, ಒದ್ದೆ ಈಜುಡುಗೆ, ಟೋಪಿ, ಚೀಲ ಎಲ್ಲವನ್ನೂ ತೂಗುಹಾಕಿದ್ದರು. ಅಂದಿನಿಂದ ಆರು ಕೊಕ್ಕೆಗಳು ನನ್ನ ಪೆಟ್ಟಿಗೆಯ ಮೂಲೆಯಲ್ಲೇ ಇವೆ. ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕೆಟಲ್, ಮೇಣದಬತ್ತಿಗಳನ್ನು ಒಯ್ಯಬೇಡಿ. ಸಮುದ್ರದ ನಡುವೆ ಬೆಂಕಿಯಷ್ಟು ಭಯಂಕರವಾದದ್ದಿಲ್ಲವಾದ್ದರಿಂದ ಇವು ತಪಾಸಣೆಯಲ್ಲೇ ಜಪ್ತಿಯಾಗುತ್ತವೆ. ವಿದ್ಯುತ್ತಿನ ಹಠಾತ್ ಏರಿಕೆ ತಡೆಯುವ ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಷನ್ ಬಾಕ್ಸಿಗೂ ಅದೇ ಗತಿ. ನನ್ನದನ್ನು ರಸೀದಿ ಕೊಟ್ಟು ತೆಗೆದಿರಿಸಿಕೊಂಡು ಕೊನೆಯ ದಿನ ಮರಳಿಸಿದರು. ಸುಕ್ಕಾಗದ ಬಟ್ಟೆ ಮತ್ತು ಹಲವು ಯುಎಸ್‌ಬಿ ಕಿಂಡಿಗಳಿರುವ ಸಾದಾ ಚಾರ್ಜರ್ ಇದ್ದರೆ ಇವುಗಳ ಕೊರತೆ ಕಾಡುವುದಿಲ್ಲ.

ಕೊನೆಯ ರಾತ್ರಿಯ ಕ್ರಮ ಈಗ ಹೀಗಿದೆ: ಪೆಟ್ಟಿಗೆಯ ಜಿಪ್ ಎಳೆಯುವ ಮೊದಲೇ ಮರುದಿನದ ಅಂಗಿ, ಪ್ಯಾಂಟು, ಒಳಉಡುಪುಗಳನ್ನು ಬಾಗಿಲ ಬಳಿಯ ಕೊಕ್ಕೆಗೆ ತೂಗುಹಾಕಿ, ಪಾಸ್‌ಪೋರ್ಟ್ ಮತ್ತು ಮಾತ್ರೆಗಳನ್ನು ಹೆಗಲಚೀಲಕ್ಕೆ ಸೇರಿಸಿ, ಶೂಗಳನ್ನು ಆ ಬಟ್ಟೆಯ ನೇರ ಕೆಳಗೆ ಇಡುತ್ತೇನೆ. ಶೂಗಳು ಈ ಪಟ್ಟಿಗೆ ಸೇರಿದ್ದು ಎರಡನೆಯ ಪ್ರವಾಸದ ತರುವಾಯ. ಆ ಸಲ ಬಟ್ಟೆಯನ್ನೇನೋ ನೆನಪಿನಿಂದ ತೆಗೆದಿಟ್ಟಿದ್ದೆ. ವಿಮಾನ ಹತ್ತಿದ್ದು ಮಾತ್ರ ಬಚ್ಚಲಿನ ಚಪ್ಪಲಿಯಲ್ಲಿ.