ಅಮೆರಿಕಕ್ಕೆ ಬಾಣಂತನ ಮಾಡಲು ಹೊರಟಿದ್ದೀರಾ?

ಮಗಳ ಬಾಣಂತನಕ್ಕೆಂದು ಕ್ಯಾಲಿಫೋರ್ನಿಯಾಕ್ಕೆ ಹೋದಾಗ ಮೊದಲ ವಾರವೇ ನಾನೊಂದು ತಪ್ಪು ಮಾಡಿದೆ. ಬೆಳಗಿನಿಂದ ಸಂಜೆವರೆಗೆ ಮಗುವನ್ನು ತೊಡೆ ಮೇಲೆ ಹಾಕಿಕೊಂಡು ಕೂತಿದ್ದೆ. ಸಿಸೇರಿಯನ್ ಆದ ಮಗಳು ಹೊಟ್ಟೆ ಹಿಡಿದುಕೊಂಡು ಡಿಶ್‌ವಾಷರ್‌ಗೆ ಪಾತ್ರೆ ತುಂಬುತ್ತಿದ್ದಳು. "ಅಮ್ಮಾ, ಮಗೂನ ನನಗೆ ಕೊಟ್ಟು ನೀನು ಅನ್ನಕ್ಕೆ ಇಡ್ತೀಯಾ?" ಅಂತ ಕೊನೆಗೆ ಅವಳೇ ಕೇಳಿದಳು. ಮೊಮ್ಮಗು ನೋಡುವ ಆಸೆ ಯಾರಿಗಿಲ್ಲ? ಆದರೆ ನಾವು ಹೋಗುವುದು ಮಗಳ ಹಸಿ ಮೈ ಗಟ್ಟಿಯಾಗಲಿ ಅಂತ.

ಹೊರಡುವ ಮೊದಲು

ಹೆರಿಗೆಗೆ ಎರಡು ಮೂರು ವಾರ ಮೊದಲೇ ತಲುಪುವಂತೆ ಟಿಕೆಟ್ ಮಾಡಿಸಿ. ಕ್ಯಾಲಿಫೋರ್ನಿಯಾ ಬೇಸಿಗೆಯಲ್ಲಿ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹದಿಮೂರೂವರೆ. ಹಗಲು ರಾತ್ರಿ ಅದಲು ಬದಲಾಗಿ ನಾವೇ ತೂಕಡಿಸುತ್ತಿದ್ದರೆ ಬಾಣಂತಿಯನ್ನು ನೋಡುವವರು ಯಾರು?

ನಿಮ್ಮ ಬಿಪಿ, ಶುಗರ್ ಮಾತ್ರೆಗಳನ್ನು ಅಂಗಡಿಯಿಂದ ಬಂದ ಸ್ಟ್ರಿಪ್‌ನಲ್ಲೇ ಇಟ್ಟುಕೊಳ್ಳಿ, ಡಾಕ್ಟರ ಚೀಟಿಯೂ ಇರಲಿ. ನಮ್ಮೂರಿನ ಚೀಟಿ ತೋರಿಸಿದರೆ ಅಲ್ಲಿನ ಔಷಧಿ ಅಂಗಡಿಯವರು ಕೊಡುವುದಿಲ್ಲ. ವಿಸಿಟರ್ ಇನ್ಶೂರೆನ್ಸ್ ಮಾಡಿಸಿ. ಮೊದಲಿನಿಂದ ಇರುವ ಕಾಯಿಲೆಗೆ ಎಷ್ಟು ಕೊಡುತ್ತಾರೆ ಅನ್ನುವುದನ್ನು ಓದಿಸಿ ನೋಡಿ. ಹೆಚ್ಚಿನ ಪಾಲಿಸಿಗಳು ಕೈ ಎತ್ತುವುದು ಅಲ್ಲೇ.

ಸಾರಿನ ಪುಡಿ, ಮೆಂತ್ಯ, ಓಮ ತೆಗೆದುಕೊಂಡು ಹೋಗಬಹುದು. ಹಸಿ ಕರಿಬೇವು, ಹಣ್ಣು ಬೇಡ. ಅಲ್ಲಿ ಇಳಿದಾಗ ಕಸ್ಟಮ್ಸ್‌ನವರು ತಿನ್ನುವ ವಸ್ತು ಇದೆಯಾ ಅಂತ ಕೇಳಿದರೆ "ಇದೆ" ಅನ್ನಿ. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ. ಮಿಕ್ಕಿದ್ದೆಲ್ಲ ಅಲ್ಲಿನ ಇಂಡಿಯನ್ ಅಂಗಡಿಯಲ್ಲಿ ಸಿಗುತ್ತದೆ, ಸುಮ್ನೆ ಸೂಟ್‌ಕೇಸ್ ಭಾರ ಮಾಡಬೇಡಿ.

ಇಳಿದ ಮೇಲೆ

ವೀಸಾ ಹತ್ತು ವರ್ಷಕ್ಕಿದೆ ಅಂತ ಹತ್ತು ವರ್ಷ ಇರುವ ಹಾಗಿಲ್ಲ. ಎಷ್ಟು ದಿನ ಇರಬಹುದು ಅನ್ನುವುದನ್ನು ವಿಮಾನ ನಿಲ್ದಾಣದ ಅಧಿಕಾರಿ ತೀರ್ಮಾನಿಸುತ್ತಾರೆ, ಸಾಮಾನ್ಯವಾಗಿ 6 ತಿಂಗಳು. ಆ ದಿನಾಂಕ ಐ-94 ಎಂಬ ದಾಖಲೆಯಲ್ಲಿರುತ್ತದೆ. ಅದನ್ನು ಅಳಿಯನ ಹತ್ತಿರ ಆನ್‌ಲೈನ್‌ನಲ್ಲಿ ತೆಗೆಸಿ ಫ್ರಿಜ್ ಮೇಲೆ ಅಂಟಿಸಿ. ಇನ್ನೂ ಇರಬೇಕಾಗಿ ಬಂದರೆ ಆ ದಿನಾಂಕ ಮುಗಿಯುವ ಮೊದಲೇ ಐ-539 ಅರ್ಜಿ ಹಾಕಬೇಕು.

ಮನೆಗೆ ಬಂದ ಬಾಣಂತಿ

ಸಿಸೇರಿಯನ್ ಆದವರನ್ನು ಎರಡರಿಂದ ನಾಲ್ಕು ದಿನದಲ್ಲಿ ಮನೆಗೆ ಕಳಿಸುತ್ತಾರೆ. ಹೊಟ್ಟೆಯ ಗಾಯ ಮಾಯಲು ಆರರಿಂದ ಎಂಟು ವಾರ ಬೇಕು. ಅಲ್ಲಿವರೆಗೆ ಮಗುವಿಗಿಂತ ಭಾರದ್ದನ್ನು ಅವಳು ಎತ್ತಬಾರದು. ಬಟ್ಟೆ ಬುಟ್ಟಿ, ಹಾಲಿನ ಕ್ಯಾನು, ಕಾರ್ ಸೀಟು ಎಲ್ಲ ನಿಮ್ಮದು, ಅಳಿಯನದು.

ಬೆಳ್ಳುಳ್ಳಿ ಸಾರು, ಸಬ್ಬಸಿಗೆ ಸೊಪ್ಪು, ಅಂಟಿನುಂಡೆ ಮಾಡಿ ಹಾಕಿ. ಆದರೆ "ಬಾಣಂತಿ ನೀರು ಕುಡಿಯಬಾರದು" ಅನ್ನುವ ಹಳೇ ಮಾತನ್ನು ವಿಮಾನ ಹತ್ತಿಸಬೇಡಿ. ಹಾಲೂಡಿಸುವವಳಿಗೆ ಬಾಯಾರಿಕೆ ಜಾಸ್ತಿ. ಪಕ್ಕದಲ್ಲಿ ಸದಾ ಒಂದು ಬಾಟಲಿ ನೀರಿರಲಿ. ಎಣ್ಣೆ ನೀವುವಾಗ ಹೊಲಿಗೆಯ ಜಾಗ ಬಿಡಿ. ಮಗುವಿಗೆ ಜೇನು ನೆಕ್ಕಿಸಬೇಡಿ, ಒಂದು ವರ್ಷ ತುಂಬುವವರೆಗೆ ಅದು ಅಪಾಯ. ಮಲಗಿಸುವುದು ಬೆನ್ನ ಮೇಲೆ, ದಿಂಬಿಲ್ಲದೆ.

ಸಾಂಬ್ರಾಣಿ ಹೊಗೆಯ ಕಥೆ ಕೇಳಬೇಡಿ. ಸೂರಿನಲ್ಲಿದ್ದ ಹೊಗೆ ಅಲಾರಂ ಅರಚಿಕೊಂಡು, ಆಗ ತಾನೇ ಮಲಗಿದ್ದ ಕೂಸು, ತಾಯಿ ಇಬ್ಬರೂ ಎದ್ದು ಕೂತರು. ಮೆಣಸಿನಕಾಯಿ ಒಗ್ಗರಣೆಗೂ ಅದು ಕೂಗುತ್ತದೆ. ಒಲೆ ಮೇಲಿನ ಫ್ಯಾನ್ ಹಾಕಿಯೇ ಸಾಸಿವೆ ಸಿಡಿಸಿ.

ಊರಿನ ಫೋನುಗಳನ್ನು ನೀವೇ ಎತ್ತಿ. ಬೆಂಗಳೂರಿನಲ್ಲಿ ಬೆಳಿಗ್ಗೆ 11 ಅಂದರೆ ಬೇಸಿಗೆಯಲ್ಲಿ ಅಲ್ಲಿ ರಾತ್ರಿ 10:30. ಅತ್ತೆ, ಚಿಕ್ಕಮ್ಮ ಎಲ್ಲರೂ ವಿಡಿಯೊದಲ್ಲಿ ಮಗು ನೋಡಬೇಕು ಅಂದರೆ ಅವಳು ಮಲಗುವುದು ಯಾವಾಗ?

ಇವು ಕಂಡರೆ ಕಾಯಬೇಡಿ

ಗಂಟೆಯೊಳಗೆ ಪ್ಯಾಡ್ ಪೂರ್ತಿ ನೆನೆಯುವಷ್ಟು ರಕ್ತ, 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ ಜ್ವರ, ಹೊಲಿಗೆಯಲ್ಲಿ ಕೀವು, ಒಂದೇ ಕಾಲಿನಲ್ಲಿ ಊತ ಮತ್ತು ನೋವು: ಇವಕ್ಕೆ ತಕ್ಷಣ ಅವಳ ಡಾಕ್ಟರಿಗೆ ಫೋನ್. ಎದೆನೋವು, ಉಸಿರಾಟದ ತೊಂದರೆ, ಫಿಟ್ಸ್ ಬಂದರೆ ನೇರವಾಗಿ ಅಲ್ಲಿನ ತುರ್ತು ನಂಬರ್ 911. ಕಣ್ಣು ಮಂಜಾಗುವ ಜೋರು ತಲೆನೋವನ್ನು "ನಿದ್ದೆಗೆಟ್ಟಿದ್ದಕ್ಕೆ" ಅಂತ ತಳ್ಳಿಹಾಕಬೇಡಿ, ಅದು ಬಿಪಿ ಏರಿದ್ದಿರಬಹುದು.

ಮೊದಲ ವಾರಗಳಲ್ಲಿ ಅಳು ಬರುವುದು ಸಹಜ. ಎರಡು ವಾರ ದಾಟಿದರೂ ಅಳು ನಿಲ್ಲದಿದ್ದರೆ, ಮಗುವಿನ ಕಡೆ ನೋಡಲೂ ಮನಸ್ಸಾಗದಿದ್ದರೆ, "ನಾವೆಲ್ಲ ಹೆತ್ತಿಲ್ವಾ" ಅನ್ನುವ ಮಾತನ್ನು ನುಂಗಿಕೊಳ್ಳಿ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಬಾಣಂತಿಯರ ಮನಸ್ಸಿನ ತೊಂದರೆಗೆಂದೇ ಅಲ್ಲೊಂದು ಸಹಾಯವಾಣಿ ಇದೆ: 1-833-852-6262ಕ್ಕೆ ತಾಯಂದಿರು ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡಿಲ್ಲ.

ವಾಪಸು ಬರುವ ಮುನ್ನ

ಕೊನೆಯ ಹದಿನೈದು ದಿನ ಅಡುಗೆಮನೆಯನ್ನು ಅಳಿಯನಿಗೆ ಬಿಟ್ಟುಕೊಡಿ. ನೀವು ಪಕ್ಕದಲ್ಲಿ ಕೂತು ಹೇಳಿಕೊಡಿ, ಸೌಟು ಕಿತ್ತುಕೊಳ್ಳಬೇಡಿ. ನಮ್ಮ ಅಳಿಯನ ಮೊದಲ ಬೆಳ್ಳುಳ್ಳಿ ಸಾರಿಗೆ ಉಪ್ಪೇ ಇರಲಿಲ್ಲ. ಮಗಳು ಎರಡು ಸಲ ಹಾಕಿಸಿಕೊಂಡು ಉಂಡಳು.